ನಿಮ್ಮ ಕಾಲೇಜಿನ ಮಹಿಳಾ ಅಧ್ಯಯನದ ಪೇಪರ್ ಉಳಿಸಿಕೊಳ್ಳುವುದು ಹೇಗೆ

2019ರ ಜೂನ್. ಹುಬ್ಬಳ್ಳಿಯಿಂದ ಬೆಳಗಿನ ರೈಲು ಹಿಡಿದು ಗದಗಿಗೆ ಬಂದು, ಸ್ಟಾಫ್ ರೂಮಿನಲ್ಲಿ ಇನ್ನೂ ಬ್ಯಾಗ್ ಇಡುತ್ತಿದ್ದೆ. ಪ್ರಾಚಾರ್ಯರು ಕರೆಸಿದರು. "ಮೇಡಂ, ಈ ವರ್ಷ ನಿಮ್ಮ ಮಹಿಳಾ ಅಧ್ಯಯನ ಬ್ಯಾಡ ಬಿಡ್ರಿ. ಬರೇ 11 ಮಂದಿ ಅದಾರ. ಅವರನ್ನ ಬ್ಯಾರೆ ಪೇಪರಿಗೆ ಹಾಕಿಬಿಡೋಣು." ಅಷ್ಟೇ ಮಾತು. ಸಭೆ ಇಲ್ಲ, ಕಾಗದ ಇಲ್ಲ. 11 ವರ್ಷ ಕಲಿಸಿದ ವಿಷಯ ಎರಡು ನಿಮಿಷದಲ್ಲಿ ಮುಗಿಯುವುದರಲ್ಲಿತ್ತು.

ಆ ಪೇಪರ್ ಇವತ್ತೂ ನಡೆಯುತ್ತಿದೆ. ನಡುವೆ ಹೆಸರು ಬದಲಾಯಿತು, ಕ್ರೆಡಿಟ್ ಬದಲಾಯಿತು. ಹೋದ ವರ್ಷ 64 ಮಕ್ಕಳಿದ್ದರು, ಅದರಲ್ಲಿ 19 ಹುಡುಗರು. ನಾನು ಸಮಾಜಶಾಸ್ತ್ರದ ಉಪನ್ಯಾಸಕಿ, ಬರುವ ಏಪ್ರಿಲ್‌ಗೆ ನಿವೃತ್ತಿ. ಹಾವೇರಿ, ಧಾರವಾಡ, ಗದಗ ಕಡೆಯ ಕಿರಿಯ ಉಪನ್ಯಾಸಕಿಯರು ಆಗಾಗ ಫೋನ್ ಮಾಡುತ್ತಾರೆ. "ಅಕ್ಕಾ, ನಮ್ಮಲ್ಲೂ ತಗೀತಾರಂತ, ಏನ್ ಮಾಡೋದು?" ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳಿ ಸಾಕಾಗದೆ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಾನು ಕಂಡಂತೆ, ಮಹಿಳಾ ಅಧ್ಯಯನವನ್ನು ಎದುರಿಗೆ ನಿಂತು ವಿರೋಧಿಸುವವರು ಕಡಿಮೆ. ಸುಮ್ನೆ ಕೈಬಿಡುವವರೇ ಜಾಸ್ತಿ. ಟೈಮ್ ಟೇಬಲ್‌ನಲ್ಲಿ ಕೊನೆಯ ಪಿರಿಯಡ್ ಕೊಡುತ್ತಾರೆ, ಅಡ್ಮಿಷನ್ ಫಾರ್ಮಿನಲ್ಲಿ ಹೆಸರು ಮರೆಯುತ್ತಾರೆ, ನಿವೃತ್ತರಾದವರ ಜಾಗ ತುಂಬುವುದಿಲ್ಲ. ಹಾಗಾಗಿ ಕಾಪಾಡುವ ಕೆಲಸ ವರ್ಷವಿಡೀ ನಡೆಯಬೇಕು. ಅದಕ್ಕೆ ಎರಡು ಆಸರೆ ಬೇಕು: ನಿಮ್ಮ ಕಪಾಟಿನಲ್ಲಿ ಕಾಗದ, ನಿಮ್ಮ ಊರಿನಲ್ಲಿ ಜನ.

ಬಾಯಿಮಾತಿಗೆ ಕಾಗದ ಕೇಳಿ

ಅವತ್ತು ನಾನು ವಾದ ಮಾಡಲಿಲ್ಲ. "ಆಯ್ತು ಸರ್" ಅಂದು ಹೊರಗೆ ಬಂದೆ. ಕೈ ನಡುಗುತ್ತಿತ್ತು. ಒಂದು ಲೋಟ ನೀರು ಕುಡಿದು ಪತ್ರ ಬರೆಯಲು ಕೂತೆ. ನಿಮಗೂ ಬೇಕಾಗಬಹುದು, ಹಾಗೇ ಕೊಡುತ್ತೇನೆ:

"ಮಾನ್ಯರೇ, ಮಹಿಳಾ ಅಧ್ಯಯನ ಪತ್ರಿಕೆಯನ್ನು ಈ ಸಾಲಿನಲ್ಲಿ ಕೈಬಿಡುವ ವಿಚಾರವಿದೆ ಎಂದು ತಾವು ಇಂದು ಬೆಳಿಗ್ಗೆ ಮೌಖಿಕವಾಗಿ ತಿಳಿಸಿದ್ದೀರಿ. 11 ವಿದ್ಯಾರ್ಥಿಗಳು ಈಗಾಗಲೇ ಇದನ್ನು ಆಯ್ಕೆ ಮಾಡಿಕೊಂಡಿದ್ದಾರೆ. ಕೈಬಿಡುವುದಕ್ಕೆ ಆಧಾರವಾದ ನಿಯಮ ಅಥವಾ ಸುತ್ತೋಲೆಯ ಪ್ರತಿಯನ್ನು ದಯಮಾಡಿ ಒದಗಿಸಬೇಕು. ಅಲ್ಲಿಯವರೆಗೆ ವೇಳಾಪಟ್ಟಿಯಂತೆ ತರಗತಿ ನಡೆಸಲು ಅನುಮತಿ ಕೋರುತ್ತೇನೆ."

ಎರಡು ಪ್ರತಿ ಮಾಡಿ. ಒಂದನ್ನು ಆಫೀಸಿಗೆ ಕೊಟ್ಟು, ಇನ್ನೊಂದರ ಮೇಲೆ ಆವಕ ನಂಬರ್, ತಾರೀಖು, ಸೀಲು ಹಾಕಿಸಿಕೊಳ್ಳಿ. ಸೀಲು ಇಲ್ಲದ ಪ್ರತಿ ನಾಳೆ ಉಪಯೋಗಕ್ಕೆ ಬರುವುದಿಲ್ಲ. ಪತ್ರದಲ್ಲಿ ಸಿಟ್ಟು ಬೇಡ, ಸಿದ್ಧಾಂತ ಬೇಡ, ಮಹಿಳೆಯರಿಗೆ ಅನ್ಯಾಯ ಎಂಬ ದೊಡ್ಡ ಮಾತೂ ಬೇಡ. ಒಂದೇ ಪ್ರಶ್ನೆ ಇರಲಿ: ಯಾವ ನಿಯಮ? ನನ್ನ ಪತ್ರಕ್ಕೆ ಉತ್ತರ ಬರಲೇ ಇಲ್ಲ. ಹಾಗಾಗಿ ತರಗತಿ ವೇಳಾಪಟ್ಟಿಯಂತೆ ನಡೆಯಿತು.

ಉತ್ತರ ಬಾರದೆ ತರಗತಿಯೂ ನಿಂತರೆ ಮಾಹಿತಿ ಹಕ್ಕು ಇದೆ. 2005ರ ಕಾಯ್ದೆ ಸರ್ಕಾರಿ ಕಾಲೇಜಿಗೂ, ಸರ್ಕಾರದ ದೊಡ್ಡ ಅನುದಾನದಲ್ಲಿ ನಡೆಯುವ ಕಾಲೇಜಿಗೂ, ವಿಶ್ವವಿದ್ಯಾಲಯಕ್ಕೂ ಅನ್ವಯಿಸುತ್ತದೆ. ಅರ್ಜಿಗೆ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಆದರೆ ಇದನ್ನು ಮೊದಲ ದಿನವೇ ಎತ್ತಬೇಡಿ. ದಿನಾ ಮುಖ ನೋಡುವ ಜನ ಅವರು. ಪತ್ರದಲ್ಲಿ ಆಗುವ ಕೆಲಸ ಪತ್ರದಲ್ಲೇ ಆಗಲಿ.

ಅಡ್ಮಿಷನ್ ವಾರದಲ್ಲಿ ರಜೆ ಹಾಕಬೇಡಿ

11 ಜನ ಯಾಕೆ ಇದ್ದರು? ಹುಡುಗಿಯರಿಗೆ ಆಸಕ್ತಿ ಇಲ್ಲ ಅಂತ ನಾನು ಅಂದುಕೊಂಡಿದ್ದೆ. ಮಾರನೇ ವರ್ಷ ಆಫೀಸಿನ ಕೌಂಟರ್ ಪಕ್ಕ ಅರ್ಧ ದಿನ ನಿಂತಾಗ ಗೊತ್ತಾಯಿತು. ಮಗು ಫಾರ್ಮ್ ಹಿಡಿದುಕೊಂಡು ಬರುತ್ತದೆ, ಐಚ್ಛಿಕ ವಿಷಯದ ಜಾಗ ಖಾಲಿ. ಹಿಂದೆ ಉದ್ದ ಸಾಲು. "ಏನ್ ಬರೀಲಿ ಸರ್?" ಕ್ಲರ್ಕ್ ಪಟ್ಟಿಯಲ್ಲಿ ಮೊದಲು ಇರುವುದನ್ನು ಬರೆಸಿ ಕಳಿಸುತ್ತಾರೆ. ಅವರದೇನೂ ತಪ್ಪಿಲ್ಲ. ನಮ್ಮ ವಿಷಯ ಪಟ್ಟಿಯಲ್ಲಿ ಆರನೆಯದು.

ಆ ಮೇಲೆ ಪ್ರತಿ ವರ್ಷ ಅಲ್ಲಿ ಒಂದು ಬೆಂಚು ಹಾಕಿಸುತ್ತೇನೆ. ಅದರ ಮೇಲೆ ನಾನು ಕೂರುವುದಿಲ್ಲ, ಹಿಂದಿನ ವರ್ಷ ಓದಿದ ಇಬ್ಬರು ಕೂರುತ್ತಾರೆ, ಒಬ್ಬ ಹುಡುಗ, ಒಬ್ಬ ಹುಡುಗಿ. ಮುಂದೆ ಅವರು ಮಾಡಿದ ಪ್ರಾಜೆಕ್ಟ್ ಪುಸ್ತಕಗಳು. "ಈ ಪೇಪರಿನ್ಯಾಗ ಏನ್ ಓದೋದೈತಿ?" ಅಂತ ಕೇಳಿದ ಮಗುವಿಗೆ ಅವರ ಮಾತು ತಾಗಿದಷ್ಟು ನನ್ನ ಮಾತು ತಾಗುವುದಿಲ್ಲ. ನಮ್ಮ ಸಂಖ್ಯೆ ಏರಿದ್ದು ಜಾಸ್ತಿ ಈ ಬೆಂಚಿನಿಂದಲೇ.

ಒಂದು ಎಚ್ಚರ ಇರಲಿ. ಬೆಂಚಿನ ಮೇಲೆ ಕೂತವರು ಕೆಲಸದ ಆಸೆ ಹಚ್ಚಬಾರದು. ನಿಜ ಇರುವಷ್ಟೇ ಹೇಳಿ. ಕಾಲೇಜಿನಲ್ಲಿ ಕಲಿಸುವ ಅರ್ಹತೆಗೆ ಬರೆಯುವ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ನೆಟ್ ಪರೀಕ್ಷೆಯಲ್ಲಿ ಮಹಿಳಾ ಅಧ್ಯಯನ ಒಂದು ಪ್ರತ್ಯೇಕ ವಿಷಯ. ಸ್ನಾತಕೋತ್ತರ ಓದುವವರಿಗೆ ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇದೆ, 2003ರಲ್ಲಿ ಶುರುವಾದದ್ದು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ವಿಭಾಗವೇ ಇದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಪಂಚಾಯಿತಿ, ಸ್ವಸಹಾಯ ಸಂಘಗಳ ಕೆಲಸಕ್ಕೆ ಹೋಗುವವರಿಗೆ ಇಲ್ಲಿ ಕಲಿತದ್ದು ಕೈಗೆ ಬರುತ್ತದೆ. ಇಷ್ಟು ಸಾಕು.

"ಇದು ಎಲ್ಲಿಂದ ಬಂತ್ರೀ?" ಅಂದರೆ

ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಆಡಳಿತ ಮಂಡಳಿಯ ಹಿರಿಯರು ಕೇಳುತ್ತಾರೆ, ಸಹೋದ್ಯೋಗಿಗಳು ಕೇಳುತ್ತಾರೆ. ಪರದೇಶದ ಸರಕು ಅಂತ ಹಲವರ ಮನಸ್ಸಿನಲ್ಲಿದೆ. ಉತ್ತರ ನಾಲಿಗೆಯ ತುದಿಯಲ್ಲಿರಲಿ.

1971ರಲ್ಲಿ ಕೇಂದ್ರ ಸರ್ಕಾರವೇ ಭಾರತದ ಮಹಿಳೆಯರ ಸ್ಥಿತಿಗತಿ ನೋಡಲು ಒಂದು ಸಮಿತಿ ಮಾಡಿತು. ಫೂಲ್‌ರೇಣು ಗುಹಾ ಅಧ್ಯಕ್ಷೆ, ವೀಣಾ ಮಜುಂದಾರ್ ಸದಸ್ಯ ಕಾರ್ಯದರ್ಶಿ. 1974ರ ಕೊನೆಗೆ ವರದಿ ಬಂತು. ಸ್ವಾತಂತ್ರ್ಯ ಬಂದು ಇಷ್ಟು ವರ್ಷವಾದ ಮೇಲೆ ಎಲ್ಲ ಸುಧಾರಿಸಿರಬೇಕು ಅಂತ ಹೊರಟವರಿಗೆ ಬೇರೆಯೇ ಚಿತ್ರ ಕಂಡಿತು. 1901ರಲ್ಲಿ ಸಾವಿರ ಗಂಡಸರಿಗೆ 972 ಹೆಂಗಸರಿದ್ದರು, 1971ಕ್ಕೆ 930 ಆಗಿತ್ತು. ವಿಶ್ವವಿದ್ಯಾಲಯಗಳು ಇದನ್ನು ನೋಡಿಯೇ ಇಲ್ಲವಲ್ಲ ಎಂಬ ಕಳವಳದಿಂದ ಈ ವಿಷಯ ಬೆಳೆಯಿತು. ಅದೇ 1974ರಲ್ಲಿ ಮುಂಬೈನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ನೀರಾ ದೇಸಾಯಿ ಸಂಶೋಧನಾ ಘಟಕ ಕಟ್ಟಿದರು. 1981ರಲ್ಲಿ ಅಲ್ಲೇ ಮೊದಲ ರಾಷ್ಟ್ರೀಯ ಸಮ್ಮೇಳನ, 1982ರಲ್ಲಿ ಭಾರತೀಯ ಮಹಿಳಾ ಅಧ್ಯಯನ ಸಂಘ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಮಹಿಳಾ ಅಧ್ಯಯನಕ್ಕೆ ಪ್ರೋತ್ಸಾಹ ಕೊಡಬೇಕು ಅಂತ ಬರೆದೇ ಹೇಳಿತು. ಆ ಮೇಲೆ ಯುಜಿಸಿ ವಿಶ್ವವಿದ್ಯಾಲಯಗಳಲ್ಲಿ ಕೇಂದ್ರಗಳನ್ನು ತೆರೆಯಲು ಹಣ ಕೊಟ್ಟಿತು.

ಇದಿಷ್ಟನ್ನು ಅರ್ಧ ಪುಟ ಟೈಪ್ ಮಾಡಿಸಿ ಇಟ್ಟುಕೊಳ್ಳಿ. ನಮ್ಮ ಅಧ್ಯಕ್ಷರಿಗೆ ಒಂದು ಪ್ರತಿ ಕೊಟ್ಟಾಗ "ಸರ್ಕಾರದ್ದ ಐತೆನ್ರೀ ಇದು?" ಅಂತ ಎರಡು ಸಲ ಓದಿದರು. ನಮ್ಮ ಭಾಗದವರಿಗೆ ಇನ್ನೂ ಹತ್ತಿರದ್ದು ಹೇಳಬಹುದು. 12ನೇ ಶತಮಾನದಲ್ಲಿ ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮ ಕೇಳಿದ ಪ್ರಶ್ನೆಗಳೇ ಇಲ್ಲೂ ಇವೆ. ಹೆಣ್ಣಿನ ಹೆಸರಿನ ಜೊತೆ ಯಾರ ಹೆಸರು ಸೇರುತ್ತದೆ ಎಂಬ ಪಾಠಕ್ಕೆ ನಾನು ಗಾಯಕಿ ಗಂಗೂಬಾಯಿ ಹಾನಗಲ್ ಅವರನ್ನು ತರುತ್ತೇನೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಬಾಳಿ, ಪದ್ಮವಿಭೂಷಣದವರೆಗೆ ಹೋದ ಅವರ ಹೆಸರಿನ ಜೊತೆ ಇರುವುದು ಹಾವೇರಿ ಜಿಲ್ಲೆಯ ಒಂದು ಊರು, ಗಂಡನ ಹೆಸರಲ್ಲ. ಯಾಕೆ? ತಾಯಿ ಅಂಬಾಬಾಯಿ ಸ್ವತಃ ಹಾಡುತ್ತಿದ್ದವರು. ಅಂಥ ಮನೆತನಗಳ ಹೆಣ್ಣುಮಕ್ಕಳನ್ನು ಊರು ಹೇಗೆ ನೋಡಿತು? ಈ ಎರಡು ಪ್ರಶ್ನೆಗೇ ಒಂದು ವಾರದ ತರಗತಿ ಸಾಲುವುದಿಲ್ಲ.

ತರಗತಿ ಮನೆಯಿಂದ ಶುರುವಾಗಲಿ

ಎಷ್ಟು ಪತ್ರ ಬರೆದರೂ ಪಾಠ ಸಪ್ಪೆಯಾದರೆ ಪೇಪರ್ ಉಳಿಯುವುದಿಲ್ಲ. ಮೊದಲ ವಾರ ನಾನು ಯಾವ ಸಿದ್ಧಾಂತವನ್ನೂ ಮುಟ್ಟುವುದಿಲ್ಲ. ಒಂದು ಹಾಳೆ ಕೊಡುತ್ತೇನೆ. ಎಡಗಡೆ ಸಮಯ, ಬಲಗಡೆ ಕೆಲಸ. ಭಾನುವಾರ ಮನೆಯಲ್ಲಿದ್ದು, ಅವ್ವ ಏಳುವ ಹೊತ್ತಿನಿಂದ ಮಲಗುವ ಹೊತ್ತಿನವರೆಗೆ ಏನು ಮಾಡಿದಳು ಅಂತ ಬರೆಯಬೇಕು. ಸೋಮವಾರ ಅಪ್ಪನದು.

ಹುಲಕೋಟಿ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗ ಮೊದಲ ದಿನ "ನಮ್ಮವ್ವ ಮನಿಯಾಗ ಇರ್ತಾಳ್ರೀ, ಏನೂ ಕೆಲಸ ಮಾಡಂಗಿಲ್ಲ" ಅಂದಿದ್ದ. ಮಂಗಳವಾರ ಅವನ ಹಾಳೆ ನೋಡಿದೆ. ಒಂದು ಬದಿ ತುಂಬಿ ಹಿಂದಕ್ಕೂ ಹೋಗಿತ್ತು. ನಾಲ್ಕೂವರೆಗೆ ಎದ್ದದ್ದು, ಕಸ, ನೀರು, ಎಮ್ಮೆ, ಬುತ್ತಿ. "6.10ರಿಂದ 7.25, ರೊಟ್ಟಿ" ಅಂತ ಬರೆದು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ 26 ಅಂತ ಹಾಕಿದ್ದ. ಏನಪ್ಪಾ ಇದು ಅಂದೆ. "ಎಣಿಸಿದೆನ್ರೀ ಮೇಡಂ. ಒಂದೊಂದ ಬಡಿಯೋದು ಕೇಳಸ್ತಿತ್ತು, ಎಣಿಸಿಕೋಂತ ಹೋದೆ." ಇಷ್ಟು ವರ್ಷ ಆ ಸದ್ದಿಗೇ ಎಚ್ಚರಾಗುತ್ತಿದ್ದ ಹುಡುಗ. ಎಣಿಸಿದ್ದು ಅವತ್ತೇ ಮೊದಲು.

ಇದಾದ ಮೇಲೆ ದೇಶದ ಲೆಕ್ಕ ಕೊಡಿ. 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಇದು ಆ ಕೆಲಸ ಮಾಡುವವರ ಸರಾಸರಿ ಮಾತ್ರ ಅನ್ನುವುದನ್ನು ಮಕ್ಕಳಿಗೆ ಬಿಡಿಸಿ ಹೇಳಿ. 2024ರಲ್ಲಿ ಅದು 289 ಮತ್ತು 88. ಐದು ವರ್ಷದಲ್ಲಿ ಎರಡೂ ಸ್ವಲ್ಪ ಇಳಿದವು, ನಡುವಿನ ಅಂತರ ಹಾಗೇ ಉಳಿಯಿತು. ಸ್ವಂತ ಹಾಳೆ ತುಂಬಿದ ಮಕ್ಕಳಿಗೆ ಈ ಅಂಕಿ ಬಾಯಿಪಾಠ ಮಾಡಿಸುವುದೇ ಬೇಡ.

ಹೊರಗೂ ಕರೆದುಕೊಂಡು ಹೋಗಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಸಂಘದ ಘಟಕದಲ್ಲಿ ರಾಷ್ಟ್ರಧ್ವಜ ಹೊಲಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವವರೂ ಅವರೇ. ದುಡಿಮೆ, ಕೂಲಿ, ಉರಿಯುವ ಕೈ, ಮಗುವನ್ನು ಬಿಡುವ ಜಾಗ, ಇವೆಲ್ಲ ಅಲ್ಲಿ ಕಣ್ಣೆದುರು ಇರುತ್ತವೆ. ಹೋಗುವ ಮುಂಚೆ ಅನುಮತಿ ಪತ್ರ, ಬಂದ ಮೇಲೆ ವಂದನೆ ಪತ್ರ. ಎರಡೂ ಫೈಲಿಗೆ.

ಉತಾರದ ಪಾಠ, ಮತ್ತು ನನ್ನ ತಪ್ಪು

2014ರಲ್ಲಿ ಆಸ್ತಿ ಹಕ್ಕಿನ ಪಾಠಕ್ಕೆ ಮಕ್ಕಳಿಗೆ ಮನೆಯ ಉತಾರ, ಅಂದರೆ ಹೊಲದ ಪಹಣಿ, ತರಲು ಹೇಳಿದೆ. ಉತಾರದ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರು ಮತ್ತು ಬೆಳೆ. ಹೊಲದಲ್ಲಿ ಕಳೆ ತೆಗೆಯುವವರು, ಹತ್ತಿ ಬಿಡಿಸುವವರು, ಬುತ್ತಿ ಒಯ್ಯುವವರು ಈ ಎರಡು ಕಾಲಂನಲ್ಲಿ ಎಲ್ಲಿದ್ದಾರೆ ಅಂತ ಹುಡುಕುವುದು ಪಾಠ. ಅವತ್ತು ನಾನು ಒಂದೊಂದನ್ನೇ ಎತ್ತಿ ಓದಿಬಿಟ್ಟೆ, ಹೆಸರು ಸಮೇತ. ಒಬ್ಬ ಹುಡುಗಿಯ ಮನೆಯ ಉತಾರದಲ್ಲಿ ಮೂವರು ಕಾಕಾಗಳ ಹೆಸರಿತ್ತು, ಸೋದರತ್ತೆಯರದು ಇರಲಿಲ್ಲ. ಅವಳು ಮನೆಗೆ ಹೋಗಿ, ಅತ್ತೆಯರ ಪಾಲು ಎಲ್ಲಿ ಅಂತ ಕೇಳಿದ್ದಾಳೆ.

ಎರಡು ದಿನಕ್ಕೆ ಅವಳ ತಂದೆ ಬಂದರು. ಅಣ್ಣಿಗೇರಿ ಕಡೆಯವರು, ತಲೆಗೆ ಬಿಳಿ ರುಮಾಲು. ಬಾಗಿಲಲ್ಲೇ ನಿಂತು ಜೋರಾಗಿ ಕೇಳಿದರು. "ಏನ್ರೀ ಅಕ್ಕಾರ, ಮನಿ ಒಡಿಯೂ ವಿದ್ಯಾ ಕಲಸ್ತೀರೇನ್ ಇಲ್ಲೆ? ನಮ್ಮ ಹೊಲದ ಕಾಗದ ಊರ ಮಂದಿ ಮುಂದ ಓದೂ ಅಧಿಕಾರ ಯಾರು ಕೊಟ್ರು ನಿಮಗ?"

ಎರಡನೇ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅವರು ಹೇಳಿದ್ದು ಸರಿ ಇತ್ತು. "ಅಣ್ಣಾರ, ಅದು ನನ್ನ ತಪ್ಪು. ಓದಬಾರದಿತ್ತು" ಅಂದೆ. ಅವರು ಅದನ್ನು ನಿರೀಕ್ಷಿಸಿರಲಿಲ್ಲ ಅನಿಸುತ್ತದೆ, ಬೆಂಚಿನ ಮೇಲೆ ಕೂತರು. ಚಹಾ ತರಿಸಿದೆ. ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಇತ್ತು. ಕರ್ನಾಟಕ 1994ರಲ್ಲೇ ಕಾಯ್ದೆ ತಿದ್ದಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನ ಹಾಗೆ ಹುಟ್ಟಿನಿಂದ ಪಾಲು ಅಂತ ಮಾಡಿತು, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ. 2005ರಲ್ಲಿ ದೇಶಕ್ಕೆಲ್ಲ ಬಂತು. ಇದು ನಾನು ಮಾಡಿದ್ದಲ್ಲ, ಕಾನೂನು, ಪರೀಕ್ಷೆಗೂ ಬರುತ್ತದೆ ಅಂದೆ. ತುಂಬ ಹೊತ್ತು ಸುಮ್ಮನಿದ್ದು ಅವರು ಕೇಳಿದ್ದು ಇಷ್ಟೇ. "ಹಂಗಾರ ನನ್ನ ಮಗಳಿಗೂ ಬರ್ತೈತೇನು?" ಬರುತ್ತದೆ ಅಂದೆ. ಅದಕ್ಕೆ ಅವರು ಏನೂ ಹೇಳಲಿಲ್ಲ. ಮಗಳನ್ನು ಪೇಪರಿನಿಂದ ಬಿಡಿಸಲೂ ಇಲ್ಲ.

ಆಗ ಮಾಡಿಕೊಂಡ ಪದ್ಧತಿಯನ್ನು ನೀವೂ ಇಟ್ಟುಕೊಳ್ಳಿ. ಯಾರ ಉತಾರವೂ ಇನ್ನೊಬ್ಬರ ಕೈಗೆ ಹೋಗಬಾರದು. ಮಕ್ಕಳು ಮನೆಯಲ್ಲೇ ನೋಡಿ, ಹೆಂಗಸರ ಹೆಸರು ಇದೆಯೋ ಇಲ್ಲವೋ ಅಂತ ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುತ್ತಾರೆ. ನಾವು ಬೋರ್ಡಿನ ಮೇಲೆ ಎಣಿಸುತ್ತೇವೆ, ಅಷ್ಟೇ. ಮನೆಯ ಯಾವ ವಿಚಾರವನ್ನೇ ಆಗಲಿ ತರಗತಿಗೆ ತರುವಾಗ ಈ ಬೇಲಿ ಬೇಕು. ಮತ್ತೆ, ನೀವು ವಕೀಲರಲ್ಲ. ಯಾರದಾದರೂ ನಿಜವಾದ ಪ್ರಕರಣ ಬಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿ. 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ಕಾನೂನು ನೆರವು ಉಚಿತ.

ಆ ತಂದೆಯ ಜೊತೆ ಕೂತ ಅರ್ಧ ಗಂಟೆಯಿಂದ ನಾನು ಇನ್ನೊಂದು ಕಲಿತೆ. ಪಾಲಕರು ಸಿಟ್ಟಾಗಿ ಬರುವವರೆಗೆ ಕಾಯಬಾರದು. ಈಗ ಪ್ರತಿ ಸೆಮಿಸ್ಟರ್‌ಗೆ ಒಂದು ಶನಿವಾರ ತಾಯಂದಿರನ್ನೂ ತಂದೆಯರನ್ನೂ ಕರೆಯುತ್ತೇವೆ, ಮಕ್ಕಳೇ ತಮ್ಮ ಪ್ರಾಜೆಕ್ಟ್ ಓದುತ್ತಾರೆ. ಒಬ್ಬ ತಾಯಿ ತನ್ನ ದಿನದ ಹಾಳೆಯನ್ನು ಮಗನ ಬಾಯಲ್ಲಿ ಕೇಳಿ, ಎದ್ದು ನಿಂತು, ಸಂಜೆ ಕರೆಂಟಿಗೆ ಕಾಯುವ ಹೊತ್ತು ಬಿಟ್ಟಿದ್ದಾನೆ, ಅದನ್ನೂ ಬರೀ ಅಂದರು. 2019ರಲ್ಲಿ ಪೇಪರ್ ತೆಗೆಯುವ ಸುದ್ದಿ ಹೊರಗೆ ಹೋದಾಗ ಆಡಳಿತ ಮಂಡಳಿಗೆ ಮೊದಲು ಫೋನ್ ಮಾಡಿದವರು ಇಂಥ ಪಾಲಕರು. ನಾನು ಒಬ್ಬರಿಗೂ ಹೇಳಿರಲಿಲ್ಲ.

ಪಠ್ಯ ಬದಲಾಗುವಾಗ ಕಣ್ಣಿಟ್ಟಿರಿ

ಕಾಲೇಜಿನ ಕೋಣೆಯಲ್ಲಿ ಉಳಿಸಿಕೊಂಡ ವಿಷಯ ವಿಶ್ವವಿದ್ಯಾಲಯದ ಕೋಣೆಯಲ್ಲಿ ಬಿದ್ದುಹೋಗಬಹುದು. ಪಠ್ಯ ಮೊದಲು ಸಿದ್ಧವಾಗುವುದು ಅಧ್ಯಯನ ಮಂಡಳಿಯಲ್ಲಿ, ಅಂದರೆ ನಾವು ಬಿಒಎಸ್ ಅನ್ನುವುದು. ಅಲ್ಲಿಂದ ವಿದ್ಯಾವಿಷಯಕ ಪರಿಷತ್ತಿಗೆ ಹೋಗುತ್ತದೆ. ಹಣ, ಹುದ್ದೆಯ ಮಾತು ಸಿಂಡಿಕೇಟ್‌ನಲ್ಲಿ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ಪದವಿಯ ರಚನೆಯೇ ಬದಲಾಯಿತು, 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಬಂದೆವು. ಇಂಥ ಪ್ರತಿ ತಿರುವಿನಲ್ಲೂ ಸಣ್ಣ ವಿಷಯಗಳು ಜಾರಿ ಬೀಳುತ್ತವೆ. ಬಿಒಎಸ್ ಸದಸ್ಯರು ಯಾರು ಅಂತ ತಿಳಿದುಕೊಳ್ಳಿ, ಸಭೆಗೆ ಒಂದು ತಿಂಗಳು ಮುಂಚೆ ನಾಲ್ಕೈದು ಕಾಲೇಜಿನವರು ಸೇರಿ ಸಹಿ ಮಾಡಿದ ಪತ್ರ ಕೊಡಿ. ಬರೀ ವಿಷಯ ಇರಲಿ ಅಂತ ಕೇಳಬೇಡಿ. ಘಟಕ, ಕನ್ನಡದ ಓದಿನ ಪಟ್ಟಿ, ಮೌಲ್ಯಮಾಪನದ ಕ್ರಮ ಎಲ್ಲ ಬರೆದೇ ಕೊಡಿ. ಅವರಿಗೂ ಕೆಲಸ ಹಗುರ, ನಿಮಗೂ ಬೇಕಾದದ್ದು ಬರುತ್ತದೆ.

ಹೆಸರಿನ ವಿಷಯದಲ್ಲಿ ಗಟ್ಟಿಯಾಗಿರಿ. "ಮಹಿಳೆ ಮತ್ತು ಕುಟುಂಬ" ಅಂತ ಮಾಡಿದರೆ ಯಾರಿಗೂ ತೊಂದರೆ ಇಲ್ಲವಲ್ಲ ಅನ್ನುವವರು ಇರುತ್ತಾರೆ. ಹೆಸರು ಮೆತ್ತಗಾದ ಮೇಲೆ ಪಾಠವೂ ಮೆತ್ತಗಾಗುತ್ತದೆ. ಆದರೆ "ಲಿಂಗತ್ವ" ಸೇರಿಸುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಗಂಡಾಗಿ ಹುಟ್ಟಿ ಸೀರೆ ಉಟ್ಟು ದೇವಿಯ ಸೇವೆ ಮಾಡುವ ಸವದತ್ತಿ ಯಲ್ಲಮ್ಮನ ಜೋಗಪ್ಪಂದಿರನ್ನು ನೋಡುತ್ತಾ ಬೆಳೆದ ಮಕ್ಕಳು ನಮ್ಮವರು. ಜೋಗತಿ ಮಂಜಮ್ಮ ಅವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, 2021ರಲ್ಲಿ ಪದ್ಮಶ್ರೀ ಪಡೆದದ್ದು ಈ ಮಕ್ಕಳಿಗೆ ಗೊತ್ತು. ಅದೇ ವರ್ಷ ನಮ್ಮ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ತಂದಿತು. ಇವರನ್ನು ಹೊರಗಿಟ್ಟು ನಾವು ಯಾವ ಸಮಾನತೆ ಕಲಿಸುವುದು?

ಮಾರ್ಚ್ 8ರ ರಂಗೋಲಿ ಸ್ಪರ್ಧೆಯ ಬಗ್ಗೆ ಕೇಳುತ್ತಾರೆ. ಮಾಡಲಿ, ಮಕ್ಕಳಿಗೆ ಖುಷಿ. ಆದರೆ ವರ್ಷದ ವರದಿಯಲ್ಲಿ ಅದನ್ನು ಮಹಿಳಾ ಅಧ್ಯಯನದ ಕೆಳಗೆ ಬರೆಯಲು ಬಿಡಬೇಡಿ, ಸಾಂಸ್ಕೃತಿಕ ವಿಭಾಗದ ಕೆಳಗೆ ಹೋಗಲಿ.

ಫೈಲಿನಲ್ಲಿ ಏನಿರಬೇಕು

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವಾಗ ಎಲ್ಲರೂ ನಿಮ್ಮ ಹತ್ತಿರ ಓಡಿ ಬರುತ್ತಾರೆ. ಲಿಂಗ ಸಮಾನತೆಗೆ ಸಂಸ್ಥೆ ಏನು ಮಾಡಿದೆ ಅಂತ ಕೇಳುತ್ತಾರೆ. ಪಠ್ಯದಲ್ಲಿ ಲಿಂಗ ಸಮಾನತೆ, ಪರಿಸರ, ಮಾನವ ಮೌಲ್ಯ ಹೇಗೆ ಸೇರಿವೆ ಅಂತಲೂ ಕೇಳುತ್ತಾರೆ. ನಿಮ್ಮ ಪೇಪರ್ ಇದ್ದರೆ ಎರಡಕ್ಕೂ ಸಾಕ್ಷಿ ಸಿದ್ಧ. ಇದನ್ನು ಕಾಲೇಜಿನ ಒಳಗೇ ಗುಣಮಟ್ಟ ನೋಡುವ ಐಕ್ಯೂಎಸಿ ಘಟಕದ ಸಂಚಾಲಕರಿಗೆ ಪ್ರತಿ ವರ್ಷ ನೆನಪಿಸಿ, ತಂಡ ಬರುವ ವರ್ಷ ಮಾತ್ರ ಅಲ್ಲ. ನನ್ನ ಫೈಲಿನಲ್ಲಿ ದಾಖಲಾತಿ ಪಟ್ಟಿ, ಹಾಜರಿ, ಫಲಿತಾಂಶ, ಪ್ರಾಜೆಕ್ಟ್‌ಗಳ ಶೀರ್ಷಿಕೆ, ಭೇಟಿ ಕೊಟ್ಟ ಜಾಗದ ಪತ್ರಗಳು, ಓದಿ ಹೋದವರು ಈಗ ಏನು ಮಾಡುತ್ತಿದ್ದಾರೆ ಎಂಬ ಪಟ್ಟಿ ಇವೆ. ಕೊನೆಯದಕ್ಕೆ ಜಾಸ್ತಿ ತೂಕ.

ಒಂದನ್ನು ಬೇರೆ ಇಡಿ. ಮಹಿಳಾ ಅಧ್ಯಯನ ಕಲಿಸುವವರ ತಲೆಯ ಮೇಲೆ ಕಾಲೇಜು ಎಲ್ಲ ಹೆಣ್ಣುಮಕ್ಕಳ ಸಮಸ್ಯೆಯನ್ನೂ ಹಾಕಿಬಿಡುತ್ತದೆ. ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆ ಮತ್ತು 2015ರ ಯುಜಿಸಿ ನಿಯಮದ ಪ್ರಕಾರ ಆಂತರಿಕ ದೂರು ಸಮಿತಿ ಇರಬೇಕು. ಅಧ್ಯಕ್ಷೆ ಹಿರಿಯ ಮಹಿಳೆ, ಅರ್ಧದಷ್ಟಾದರೂ ಮಹಿಳಾ ಸದಸ್ಯರು, ಹೊರಗಿನವರೊಬ್ಬರು, ವಿದ್ಯಾರ್ಥಿಗಳ ಪ್ರಕರಣದಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳು. ಅದು ಕಾಲೇಜಿನ ಜವಾಬ್ದಾರಿ, ನಿಮ್ಮ ಪೇಪರಿನದಲ್ಲ. ದೂರಿನ ಒಂದು ಹಾಳೆಯೂ ನಿಮ್ಮ ಕಪಾಟಿಗೆ ಬರಬಾರದು. ಗುಟ್ಟು ಕಾಯುವುದು ಅಲ್ಲಿ ಮುಖ್ಯ. ಆ ಹುಡುಗಿ ನಿಮ್ಮ ಹತ್ತಿರ ಅಳುತ್ತಾ ಬಂದರೆ ಕೂರಿಸಿ, ಕೇಳಿ, ಅವಳು ಒಪ್ಪಿದರೆ ಜೊತೆಗೆ ನಡೆದು ಸಮಿತಿಯವರೆಗೆ ಬಿಟ್ಟು ಬನ್ನಿ.

ಅತಿಥಿ ಉಪನ್ಯಾಸಕಿ ಕಲಿಸುತ್ತಿದ್ದರೆ

ನಮ್ಮ ಜಿಲ್ಲೆಗಳಲ್ಲಿ ಈ ಪೇಪರ್ ಕಲಿಸುವವರು ಬಹಳ ಕಡೆ ಅತಿಥಿ ಉಪನ್ಯಾಸಕಿಯರು. ವರ್ಕ್‌ಲೋಡ್ ಹೋದರೆ ಅವರ ಕೆಲಸವೇ ಹೋಗುತ್ತದೆ. ಹಾಗಾಗಿ ಮೇಲೆ ಹೇಳಿದ ಪತ್ರಕ್ಕೆ ಅವರಿಂದ ಸಹಿ ಮಾಡಿಸಬೇಡಿ. ಕಾಯಂ ನೌಕರಿಯಲ್ಲಿರುವವರು ಸಹಿ ಮಾಡಬೇಕು. ಬೈಸಿಕೊಳ್ಳುವವರು ನಾವಾಗಿರೋಣ. ಅವರ ತರಗತಿಯ ಬಗ್ಗೆ ಯಾರಾದರೂ ವಾಟ್ಸಾಪ್ ಗುಂಪಿನಲ್ಲಿ ಕೆಟ್ಟದಾಗಿ ಬರೆದರೆ ಅಲ್ಲೇ ಉತ್ತರ ಕೊಡಲು ಹೋಗಬೇಡಿ ಅಂತ ಅವರಿಗೆ ಹೇಳಿ. ಸ್ಕ್ರೀನ್‌ಶಾಟ್, ತಾರೀಖು, ಅವತ್ತು ತರಗತಿಯಲ್ಲಿ ನಿಜವಾಗಿ ಹೇಳಿದ್ದೇನು ಎಂಬ ಅರ್ಧ ಪುಟ. ಇದನ್ನು ವಿಭಾಗದ ಮುಖ್ಯಸ್ಥರು ತಮ್ಮ ಸಹಿಯಲ್ಲಿ ಪ್ರಾಚಾರ್ಯರಿಗೆ ಕೊಡಬೇಕು. ಒಂಟಿಯಾಗಿ ಬಿಟ್ಟರೆ ಒಳ್ಳೆಯ ಶಿಕ್ಷಕಿಯರು ಮುಂದಿನ ವರ್ಷ ಬರುವುದಿಲ್ಲ.

ನಾನು ಈ ಮಾರ್ಚ್‌ನಲ್ಲಿ ಚಾರ್ಜ್ ಕೊಡಬೇಕು. ಸಾಮಾನ್ಯವಾಗಿ ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಬೀಗದ ಕೈ ಆಫೀಸಿಗೆ ಕೊಟ್ಟು ಹೋಗುತ್ತೇವೆ. ಹಾಗೆ ಮಾಡಿದರೆ ಮಳೆಗಾಲದೊಳಗೆ ಫೈಲು ಗೋದಾಮಿಗೆ ಹೋಗುತ್ತದೆ. ಜನವರಿಯಿಂದಲೇ ಕಿರಿಯ ಸಹೋದ್ಯೋಗಿ ಒಬ್ಬಳನ್ನು ಜೊತೆಗೆ ಕೂರಿಸಿಕೊಂಡಿದ್ದೇನೆ. ಪೇಪರ್ ಹಂಚಿಕೆ ಅವಳ ಹೆಸರಿಗೆ ಲಿಖಿತವಾಗಿ ಆಗಿದೆ, ಸೀಲು ಇರುವ ಪ್ರತಿ ಅವಳ ಹತ್ತಿರವೂ ಒಂದು. ಕಪಾಟಿನಲ್ಲಿರುವುದರ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿದ್ದೇವೆ: ಫೈಲು 9, ಪ್ರಾಜೆಕ್ಟ್ ಪುಸ್ತಕ 212, ಗ್ರಂಥಾಲಯಕ್ಕೆ ಸೇರದ ಪುಸ್ತಕ 37, ಪಾಲಕರ ಫೋನ್ ನಂಬರ್ ಇರುವ ನೋಟ್‌ಬುಕ್ 1. ರೊಟ್ಟಿ ಎಣಿಸಿದ ಹುಡುಗನ ಹಾಳೆ ಮೂರನೇ ಫೈಲಿನಲ್ಲಿದೆ. ಅಡ್ಮಿಷನ್ ವಾರಕ್ಕೆ ಬೆಂಚು ಎಲ್ಲಿಂದ ತರಬೇಕು, ಯಾವ ಅಟೆಂಡರ್‌ಗೆ ಎರಡು ದಿನ ಮುಂಚೆ ಹೇಳಬೇಕು ಎಂಬುದನ್ನೂ ಅದರ ಮೊದಲ ಪುಟದಲ್ಲೇ ಬರೆದಿದ್ದೇನೆ.